ಕೆಸರೆಯಲ್ಲಿ ಆರತಿ ಪಡೆದ ಚೀನಾದ ಹೊಳೆ

ಈಗ ಇಲಾಖೆಗೆ ಸೇರುವ ಹುಡುಗರು ಗುಂಡಿ ಒತ್ತುತ್ತಾರೆ. ಚಿತ್ರ ತಾನೇ ಓಡುತ್ತದೆ, ತಾನೇ ಮಾತಾಡುತ್ತದೆ, ತಾನೇ ಹಾಡುತ್ತದೆ. ರೀಲು ಮುಗಿಯುವುದರೊಳಗೆ ಆಚೆ ಹೋಗಿ ಕಾಫಿ ಕುಡಿದು ಬರಬಹುದು. ಅವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ನಮ್ಮ ಕಾಲದಲ್ಲಿ ಚಿತ್ರಕ್ಕೆ ಬಾಯಿ ಇರಲಿಲ್ಲ, ನಾವೇ ಅದರ ಬಾಯಿಯಾಗಿದ್ದೆವು ಎಂಬುದಷ್ಟು ಅವರಿಗೆ ತಿಳಿದಿರಲಿ ಎಂದು ಬರೆಯಲು ಕೂತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದೆಲ್ಲ ಕಚೇರಿಯ ಕಡತದಲ್ಲಿ ಬಿದ್ದಿದೆ, ಬೇಕಾದವರು ನೋಡಿಕೊಳ್ಳಬಹುದು. ಆ ಕಡತದಲ್ಲಿ ಎಲ್ಲೂ ಇಲ್ಲದ ಹೆಸರು ಪುಟ್ಟಸ್ವಾಮಿಯದು.

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಕೆಲಸಕ್ಕೆ ಸೇರಿದೆ. ಜನರಿಗೆ ತಿಳಿವಳಿಕೆ ಕೊಡುವ ಸರ್ಕಾರಿ ವಿಭಾಗ. ಮೈಸೂರಿನ ಮೊಹಲ್ಲಾಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ತೋರಿಸಿ ಮಾತಾಡುವುದು ನನ್ನ ಕೆಲಸ. ಅದೊಂದು ತಗಡಿನ ಪೆಟ್ಟಿಗೆ. ಒಳಗೆ ಕಾರ್ಬೈಡ್ ದೀಪ, ಮುಂದೆ ಭೂತಗನ್ನಡಿ. ನಡುವಿನ ಸಂದಿಗೆ ಗಾಜಿನ ಚಿತ್ರವನ್ನು ತಲೆಕೆಳಗಾಗಿ ತೂರಿಸಿದರೆ ಎದುರಿನ ಪರದೆಯ ಮೇಲೆ ಅದು ನೆಟ್ಟಗೆ ನಿಂತು ಆಳೆತ್ತರ ಬೆಳೆಯುತ್ತಿತ್ತು. ಪರದೆ ಎಂದರೆ ಎರಡು ಬಿದಿರಿನ ನಡುವೆ ಕಟ್ಟಿದ ಬಿಳಿ ಪಂಚೆ. ಅದಕ್ಕೆ ನೀರು ಚಿಮುಕಿಸಿದರೆ ಚಿತ್ರಕ್ಕೆ ಕಳೆ ಬರುತ್ತಿತ್ತು. ಆ ಕಾರ್ಬೈಡಿನ ನಾತ ನನ್ನ ಕೋಟಿಗೆ ಎಷ್ಟು ಹಿಡಿದಿತ್ತೆಂದರೆ, ಮನೆಯಲ್ಲಿ ಅದಕ್ಕೆ ಬೇರೆ ಗೂಟ ಹೊಡೆದಿದ್ದರು, ಹಿತ್ತಿಲ ಬಾಗಿಲಿನ ಆಚೆ.

ಮಾತಾಡುವುದನ್ನು ನನಗೆ ಇಲಾಖೆ ಕಲಿಸಲಿಲ್ಲ. ನಮ್ಮ ಮನೆಯವರು ಅರಮನೆಯ ಊಳಿಗದಲ್ಲಿದ್ದವರು. ದೊಡ್ಡಪ್ಪ ಸಂಜೆ ಹೊತ್ತು ಜಗಲಿಯಲ್ಲಿ ಭಾರತ ಓದುತ್ತಿದ್ದರು. ಅಜ್ಜಿ ಅದೇ ಕಥೆಯನ್ನು ಅಡುಗೆಮನೆಯಲ್ಲಿ ನಮಗೆ ಇನ್ನೊಂದು ಸಲ ಹೇಳುತ್ತಿದ್ದಳು, ದೊಡ್ಡಪ್ಪನಿಗಿಂತ ಚೆನ್ನಾಗಿ. "ಕೇಳೋರು 'ಆಮೇಲೆ?' ಅನ್ನೋವರ್ಗೂ ಮುಂದಿನ ಮಾತು ಬಾಯಿಂದ ಬಿಡಬಾರದು ಕಣೋ" ಎನ್ನುತ್ತಿದ್ದಳು. ನನಗಿದ್ದ ತರಬೇತಿ ಅಷ್ಟೇ.

ಈ ಕಸುಬಿನ ಮೊದಲ ಪಾಠ ನನಗೆ ಸಿಕ್ಕಿದ್ದು ಮಂಡಿ ಮೊಹಲ್ಲಾದಲ್ಲಿ, ರಾಮನವಮಿ ಸಮಯದಲ್ಲಿ. ರಾಮಾಯಣದ ಗಾಜುಗಳನ್ನು ತೋರಿಸುತ್ತಿದ್ದೆ. ತಣ್ಣಗಿರುವ ಗಾಜನ್ನು ಸೀದಾ ಕಾದ ಲಾಂದ್ರಕ್ಕೆ ಹಾಕಬಾರದು, ಪೆಟ್ಟಿಗೆಯ ನೆತ್ತಿಯ ಮೇಲೆ ಸ್ವಲ್ಪ ಹೊತ್ತು ಇಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಪಟ್ಟಾಭಿಷೇಕದ ಗಾಜು ಹಾಕಿದೆ. ಜನ ಕೈಮುಗಿದರು. ಟಪ್ಪೆಂದು ಸದ್ದಾಯಿತು, ರಾಮನಿಗೂ ಸೀತೆಗೂ ನಡುವೆ ಮೇಲಿಂದ ಕೆಳಗೆ ಒಂದು ಬಿರುಕು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ಗಟ್ಟಿಯಾಗಿ ಕೇಳಿದಳು:

"ಇದೇನ್ ಸ್ವಾಮಿ, ಮಡಿವಾಳನ ಮಾತು ಇಷ್ಟ್ ಬೇಗ ಬಂದ್ಬುಡ್ತಾ?"

ನಗು ಎದ್ದಿತು. ನಾನೂ ನಕ್ಕೆ. ಮರುದಿನ ಸಾಹೇಬರ ಮುಂದೆ ನಿಂತಾಗ ಮಾತ್ರ ನಗು ಬರಲಿಲ್ಲ.

ನಮ್ಮ ಸಾಹೇಬರ ವಿಷಯ ಹೇಳಬೇಕು. ಸರಸ್ವತಿಪುರದಲ್ಲಿ ಅವರ ಮನೆ, ಅಂಗಳದ ತುಂಬ ಗುಲಾಬಿ. ಕೋಟಿನ ಗುಂಡಿಯಲ್ಲಿ ಪ್ರತಿದಿನ ಒಂದು. ಬೈದರೂ ಬಹುವಚನದಲ್ಲೇ ಬೈಯುತ್ತಿದ್ದರು, ಬೈದ ಮೇಲೆ ಕಾಫಿ ತರಿಸಿಕೊಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಬೆಂಗಳೂರಿನಿಂದ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಕೊಂಡು ಛತ್ರಿ ಹಿಡಿಯುವವರು, ಅಷ್ಟೇ. ಇಂಥವರ ಕೈಕೆಳಗೆ ನೀವೂ ದುಡಿಯುತ್ತೀರಿ. ಕಾಫಿ ಕುಡಿಯಿರಿ, ಮಾತನ್ನು ನಂಬಬೇಡಿ.

ಪುಟ್ಟಸ್ವಾಮಿ ನಮಗೆ ಸಿಕ್ಕಿದ್ದೂ ಅದೇ ಮಂಡಿಯಲ್ಲಿ. ಇನ್ನೊಂದು ಪ್ರದರ್ಶನದ ದಿನ ನನ್ನ ಗಂಟಲು ಕಟ್ಟಿಹೋಗಿತ್ತು. ಗಾಜು ಹಾಕುತ್ತಿದ್ದೇನೆ, ಸ್ವರ ಏಳುತ್ತಿಲ್ಲ. ಜನ ಗುಜುಗುಜು ಶುರುಮಾಡಿದರು. ಆಗ ಹಿಂದಿನಿಂದ, ಬೆಲ್ಲದ ಮೂಟೆಗಳ ಮೇಲೆ ಕೂತಿದ್ದವನೊಬ್ಬ ಹಾಡತೊಡಗಿದ. ಪರದೆಯ ಮೇಲೆ ಯಾವ ಚಿತ್ರ ಬಂದರೆ ಅದಕ್ಕೆ ಸರಿಯಾಗಿ ಪದ ಕಟ್ಟಿ ಹಾಡಿದ. ಒಂದೇ ಒಂದು ಕೆಮ್ಮು ಕೇಳಲಿಲ್ಲ. ನಂಜನಗೂಡು ಕಡೆಯ ಒಕ್ಕಲು ಮನೆಯವನು, ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಸೊಂಟದಲ್ಲಿ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ. ನಾನು ಸಾಹೇಬರಿಗೆ ಹೇಳಿದೆ, ಅವರು ಕೇಳಿ ತಲೆದೂಗಿದರು, ಹಂಗಾಮಿ ಹಾಡುಗಾರ ಎಂದು ತೆಗೆದುಕೊಂಡರು. ಪ್ರದರ್ಶನ ಇದ್ದ ದಿನ ಕೂಲಿ, ಇಲ್ಲದ ದಿನ ಮಂಡಿಯ ಮೂಟೆ.

"ಮೇಷ್ಟ್ರೇ, ಖಾಯಂ ಮಾಡ್ತಾರಾ?" ಎಂದು ಪುಟ್ಟಸ್ವಾಮಿ ಮೊದಲ ವಾರವೇ ಕೇಳಿದ. ಚಿತ್ರ ತೋರಿಸಿ ಪಾಠ ಹೇಳುವವನೆಂದು ನಾನು ಅವನಿಗೆ ಮೇಷ್ಟ್ರು.

"ಮಾಡ್ತಾರೆ ಇರಯ್ಯ. ಸರ್ಕಾರದ ಕೆಲಸ, ನಿಧಾನ."

"ಮಾಡಿದ್ ದಿನ ಈ ಕೊಕ್ಕೆ ತಕ್ಕೊಂಡೋಗಿ ಕಾವೇರೀಗ್ ಎಸ್ದ್ ಬತ್ತೀನಿ. ನೀವೂ ಬರ್ಬೇಕು. ಎಸೆಯೋಕ್ ಮುಂಚೆ ಅದಕ್ಕೊಂದ್ ಪದ ಹೇಳ್ತೀನಿ."

ಅಲ್ಲಿಂದ ನಾವಿಬ್ಬರೂ ಜೋಡಿಯಾದೆವು. ನಾನು ಮಾತು, ಅವನು ಪದ. ನಮ್ಮ ಪ್ರದರ್ಶನಗಳಲ್ಲಿ ಹೆಸರು ಮಾಡಿದ್ದು ಕಾವೇರಿಯದು. ತಲಕಾವೇರಿಯ ಕುಂಡಿಕೆಯಿಂದ ಹಿಡಿದು ಸಮುದ್ರದ ತನಕ, ದಡದ ಒಂದೊಂದು ಗುಡಿ, ಒಂದೊಂದು ಕಡವು, ಅಲ್ಲಿ ಹುಟ್ಟಿದ ಒಂದೊಂದು ಪದ. ಊರಂಚಿನ ಕೆಸರೆಯಲ್ಲಿ ಅದನ್ನು ಮೊದಲ ಸಲ ತೋರಿಸಿದಾಗ ಕಡೆಯಲ್ಲಿ ಹೊಳೆ ಕಡಲು ಸೇರುವ ಸಂಗಮದ ಗಾಜು ಬಂತು. ಕೆಂಚಮ್ಮ ಎಂಬ ಹೆಂಗಸು ಎದ್ದು ಮನೆಗೆ ಓಡಿದಳು. ಸಿಟ್ಟಾದಳೋ ಏನೋ ಎಂದುಕೊಂಡೆ. ಆರತಿ ತಟ್ಟೆ ಹಿಡಿದು ಬಂದಳು. ಪಂಚೆಯ ಮುಂದೆ ನಿಂತು, ಬೆಳಕಿನ ಹೊಳೆಗೆ ಬೆಳಗಿ, ನೆಲಕ್ಕೆ ಮೂರು ಬೊಟ್ಟು ನೀರು ಬಿಟ್ಟಳು. ಅವಳ ಹಿಂದೆ ಉಳಿದ ಹೆಂಗಸರು.

ಅದೇ ಪದ್ಧತಿಯಾಯಿತು. ಹೊಳೆಯ ಚಿತ್ರ ತೋರಿಸುತ್ತಾರೆ ಎಂದು ಡಂಗುರ ಹೊಡೆಸಿದರೆ ಹೆಂಗಸರು ಮಡಿಲಲ್ಲಿ ಕರ್ಪೂರ ಕಟ್ಟಿಕೊಂಡೇ ಬರುತ್ತಿದ್ದರು. ಕಡೆಯ ಗಾಜನ್ನು ಆರತಿ ಮುಗಿಯುವ ತನಕ ತೆಗೆಯಬಾರದು ಎಂಬುದು ನಮ್ಮ ಕಟ್ಟಳೆಯಾಯಿತು. ಪಂಚೆಗೆ ಬೆಂಕಿ ತಗುಲದಂತೆ ಪುಟ್ಟಸ್ವಾಮಿ ಪಕ್ಕದಲ್ಲಿ ನೀರಿನ ಚೆಂಬು ಹಿಡಿದು ಹಾಡುತ್ತಿದ್ದ. ಇಲಾಖೆಯ ಯಾವ ಸುತ್ತೋಲೆಯಲ್ಲೂ ಇದು ಇರಲಿಲ್ಲ. ಸಾಹೇಬರಿಗೆ ಗೊತ್ತಿತ್ತು. "ಜನ ಒಪ್ಪಿಕೊಂಡಿದ್ದಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇನ್ರೀ?" ಎನ್ನುತ್ತಿದ್ದರು.

ಐವತ್ತರ ದಶಕದ ನಡುವೆ ಎಲ್ಲರ ಬಾಯಲ್ಲೂ ಚೀನಾದ ಸ್ನೇಹ. ಗೋಡೆಗಳ ಮೇಲೆ ಅದೇ, ಭಾಷಣಗಳಲ್ಲಿ ಅದೇ. ಆಗ ಮೇಲಿನಿಂದ ನಮ್ಮ ಕಚೇರಿಗೆ ಒಂದು ಮರದ ಪೆಟ್ಟಿಗೆ ಬಂತು. ತೆಗೆದು ನೋಡಿದರೆ ಗಾಜುಗಳು. ಯಾಂಗ್‌ಟ್ಸೆ ಎಂಬ ಆ ದೇಶದ ದೊಡ್ಡ ಹೊಳೆ, ಅದರ ದಡದಲ್ಲಿ ಕವಿಗಳು ಹಾಡಿದ ಜಾಗಗಳು. ಬೆಟ್ಟಗಳು ಎರಡೂ ಕಡೆಯಿಂದ ಒತ್ತಿ ನಿಂತ ಕಣಿವೆ, ಗೆಳೆಯರು ಬೀಳ್ಕೊಟ್ಟ ಕಟ್ಟೆ, ಚಂದ್ರನನ್ನು ಹಿಡಿಯಲು ಹೋಗಿ ಕವಿಯೊಬ್ಬ ನೀರಿಗೆ ಬಿದ್ದನೆಂದು ಹೇಳುವ ಬಂಡೆ, ಪದ್ಯ ಕೆತ್ತಿದ ಕಲ್ಲುಗಳು, ಹೊಳೆಯನ್ನು ನೋಡಿಕೊಂಡು ನಿಂತ ಎತ್ತರದ ಮಂಟಪ. ಎಲ್ಲ ಕಪ್ಪು ಬಿಳುಪು. ಎಂಥ ಜಾಗಗಳು! ನನಗೆ ಮೈ ಜುಮ್ಮೆಂದಿತು.

ಸಾಹೇಬರು ಅವಸರ ಮಾಡಿದರು. ವಿವರದ ಪುಸ್ತಕ ಇನ್ನೂ ಬಂದಿರಲಿಲ್ಲ. ಗಾಜುಗಳ ಅಂಚಿನಲ್ಲಿದ್ದ ಅಂಕಿಗಳು ಚೀನೀ ಗೀರುಗಳು, ನಮಗೆ ಯಾರಿಗೂ ಓದಲು ಬಾರದು. "ಚೆನ್ನಾಗಿರೋದನ್ನ ಮೊದಲು ಹಾಕಿ" ಎಂದರು ಸಾಹೇಬರು. ಹಾಗೆಯೇ ಮಂಡಿ ಮೊಹಲ್ಲಾಕ್ಕೆ ಹೋದೆವು. ಮೊದಲು ಹಡಗುಗಳು ತುಂಬಿದ ಕಡಲ ಬಾಯಿ ತೋರಿಸಿದೆ, ಆಮೇಲೆ ಬಯಲು, ಆಮೇಲೆ ಕಣಿವೆ, ಆಮೇಲೆ ಹಿಮದ ಬೆಟ್ಟ. "ಹೀಗೆ ನದಿಯು ಮುಂದೆ ಮುಂದೆ ಸಾಗಿ..." ಎನ್ನುತ್ತಿದ್ದೇನೆ, ಎಣ್ಣೆ ವ್ಯಾಪಾರಿಯೊಬ್ಬ ಕೂಗಿದ:

"ಸ್ವಾಮೀ, ನಿಮ್ಮ ಹೊಳೆ ಗುಡ್ಡ ಹತ್ತಾ ಇದೆಯಲ್ಲಾ! ಹಿಂದಿಂದ ಯಾರಾದ್ರೂ ನೂಕ್ತಾ ಅವ್ರಾ?"

ಪುಟ್ಟಸ್ವಾಮಿ ಪದ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಪುಸ್ತಕ ಬಂತು, ಇಂಗ್ಲಿಷಿನಲ್ಲಿ. ಗಾಜುಗಳನ್ನು ಸರಿಯಾಗಿ ಜೋಡಿಸಿಕೊಂಡೆವು. ನಾನು ಓದಿ ಹೇಳುವುದು, ಅವನು ಬೆನ್ನನ್ನು ಗೋಡೆಗೆ ಕೊಟ್ಟು ಕೇಳುವುದು. ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಮಧ್ಯಾಹ್ನಗಳು ಹಾಗೆ ಕಳೆದವು. ಮಂಟಪದ ವಿಷಯ ಬಂದಾಗ ಅವನು ನನ್ನನ್ನು ತಡೆದ.

"ಇರಿ ಇರಿ. ಆ ಮಂಟಪ ಸುಟ್ಟೋಗಿತ್ತು ಅಂದ್ರಲ್ಲ?"

"ಸುಟ್ಟಿತ್ತು, ಬಿದ್ದಿತ್ತು, ಯುದ್ಧದಲ್ಲಿ ಹಾಳಾಗಿತ್ತು. ಪ್ರತಿ ಸಲವೂ ಮತ್ತೆ ಕಟ್ಟಿದರಂತೆ."

"ಯಾಕೆ? ದೇವರಿದ್ದನಾ ಒಳಗೆ?"

"ದೇವರಿಲ್ಲ. ಅದರ ಮೇಲೆ ಯಾರೋ ಒಂದು ಪದ್ಯ ಬರೆದಿದ್ದರು. ಪದ್ಯ ಜನರ ಬಾಯಲ್ಲಿತ್ತು. ಪದ್ಯ ಇದ್ದು ಮಂಟಪ ಇಲ್ಲದೆ ಹೋದರೆ ಹೇಗೆ ಅಂತ ಕಟ್ಟಿದರು."

ಅವನು ಗೋಡೆ ಬಿಟ್ಟು ನೆಟ್ಟಗೆ ಕೂತ. "ಒಂದ್ ಪದಕ್ಕೋಸ್ಕರ ಮಂಟಪಾನೇ ಕಟ್ಬುಟ್ರಾ! ನಮ್ಮಲ್ಲಿ ಪದ ಹೇಳೋನ್ಗೆ ಜಗ್ಲಿ ಮೇಲೆ ಜಾಗ ಕೊಟ್ರೆ ದೊಡ್ದು" ಎಂದ.

ಆ ಬೀಳ್ಕೊಡುವ ಕಟ್ಟೆಗೆ ಅವನು ಕಟ್ಟಿದ ಪದ ಇದು. ಪುಸ್ತಕದಲ್ಲಿದ್ದ ಯಾವ ಪದ್ಯವೂ ಅಲ್ಲ, ಅವನದೇ.

ಹೋಗೋನು ಹೊಳೆಗಿಳಿದ, ನಿಂತೋನು ಕಲ್ಲಾದ,
ಕಲ್ಲಿಗೂ ತೆರೆ ಬಂದು ತಾಕ್ಯಾದೊ | ನನ ಗೆಳೆಯ
ಹೋದೋನ ಕೈಯೆ ತಾಕ್ದಂಗೆ

ಒಂದೊಂದು ಜಾಗಕ್ಕೂ ಹೀಗೆ ಒಂದೊಂದು. ಬರೆದುಕೊಳ್ಳೋಣ ಎಂದರೆ ಬೇಡವೆನ್ನುತ್ತಿದ್ದ. "ಬರ್ದ್ರೆ ಕಟ್ಟಾಕ್ದಂಗೆ ಮೇಷ್ಟ್ರೇ. ನಾಳೆ ಇನ್ನೂ ಚೆಂದಾಗಿ ಬರಬೋದು."

ಸರಸ್ವತಿಪುರದಲ್ಲಿ ತೋರಿಸಿದಾಗ ವಿದ್ಯಾರ್ಥಿಗಳು ಬಂದಿದ್ದರು. ಕಣಿವೆಯಲ್ಲಿ ಮಂಗಗಳು ಕೂಗುತ್ತವೆ, ಅದನ್ನು ಕೇಳಿ ದೋಣಿಯಲ್ಲಿ ಹೋಗುವವರು ಊರು ನೆನೆದು ಕಣ್ಣೀರಿಡುತ್ತಾರೆ ಎಂದೆ. "ಸಾರ್, ಚಾಮುಂಡಿಬೆಟ್ಟದ ಮಂಗಗಳು ಕೂಗಿದ್ರೂ ಕಣ್ಣೀರು ಬರುತ್ತೆ. ಬಾಳೆಹಣ್ಣು ಕಿತ್ಕೊಂಡು ಹೋಗ್ತವಲ್ಲ!" ಎಂದ ಒಬ್ಬ. ಅವರು ಚಪ್ಪಾಳೆ ತಟ್ಟಿದರು, ಎದ್ದು ಹೋದರು. ಆರತಿಯ ಮಾತು ಅಲ್ಲಿ ಇರಲಿಲ್ಲ.

ಕೆಸರೆಯಲ್ಲಿ ಇತ್ತು. ಅಲ್ಲಿಗೆ ಹೋದ ದಿನ ಸಾಹೇಬರೂ ಬಂದರು, ಬೆಂಗಳೂರಿನ ಒಬ್ಬ ಹಿರಿಯ ಅಧಿಕಾರಿಯನ್ನು ಕರೆದುಕೊಂಡು, ಫೋಟೋದವನೊಬ್ಬನ ಸಮೇತ. ಕಡೆಯ ಗಾಜು ಹಾಕಿದೆ, ಹೊಳೆ ಕಡಲು ಸೇರುವುದು. ಕೆಂಚಮ್ಮ ತಟ್ಟೆ ಹಿಡಿದು ಎದ್ದಳು. ನನಗೆ ಇರುಸುಮುರುಸಾಯಿತು. ಲಾಂದ್ರದ ಪಕ್ಕದಿಂದಲೇ ಹೇಳಿದೆ:

"ಕೆಂಚಮ್ಮ, ಇದು ನಮ್ಮ ಕಾವೇರಿ ಅಲ್ಲ ಕಣಮ್ಮ. ಚೀನಾ ದೇಶದ ಹೊಳೆ."

"ಗೊತ್ತು ಬುಡಿ, ಆಗ್ಲಿಂದ ಹೇಳ್ತಾನೇ ಇದ್ದೀರಲ್ಲ. ಹೊಳೆ ತಾನೆ?"

"ಹೊಳೆಯೇ, ಆದ್ರೆ..."

"ಯಾರ್ ಮನೆ ಹೊಳೆಯಾದ್ರೂ ಮಕ್ಳು ಮರಿ ಅದನ್ನ ದಾಟ್ಬೇಕಲ್ವಾ ಸ್ವಾಮಿ? ಮುನಿಸ್ಕೊಳ್ದೆ ಇರವ್ವಾ ಅಂತ ಒಂದ್ ಆರತಿ. ಅದ್ಕೂ ನಿಮ್ಮ ಸರ್ಕಾರದ ರುಜು ಬೇಕಾ?"

ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಸಾಹೇಬರು. ಆರತಿ ಆಯಿತು. ಕೆಂಚಮ್ಮ ತಟ್ಟೆಯನ್ನು ಸಾಹೇಬರ ಮುಂದೆ ಹಿಡಿದಳು. ಅವರು ಬಗ್ಗಿ, ಎರಡೂ ಕೈಯಲ್ಲಿ ಉರಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಫೋಟೋದವನ ದೀಪ ಝಗ್ಗೆಂದಿತು. ಬೆಂಗಳೂರಿನವರು ಇಂಗ್ಲಿಷಿನಲ್ಲಿ ಏನೋ ಮೆಚ್ಚಿ ನುಡಿದರು. ಸಾಹೇಬರು ಪುಟ್ಟಸ್ವಾಮಿಯ ಬೆನ್ನು ತಟ್ಟಿದರು.

"ಭೇಷ್. ಈ ಹೊಳೆಗೆ ಇನ್ನೂ ಪದ ಕಟ್ಟು. ನಿನ್ನನ್ನ ಖಾಯಂ ಮಾಡಿಸೋದು ನನ್ನ ಹೊಣೆ."

ಆ ಫೋಟೋ ಚೌಕಟ್ಟು ಹಾಕಿಸಿಕೊಂಡು ಸಾಹೇಬರ ಕುರ್ಚಿಯ ಹಿಂದೆ ಕೂತಿತು. ಪುಟ್ಟಸ್ವಾಮಿ ಕೊಕ್ಕೆಯನ್ನು ಮನೆಯ ಗೂಟಕ್ಕೆ ನೇತುಹಾಕಿದ. ಮಂಡಿಗೆ ಹೋಗುವುದನ್ನು ನಿಲ್ಲಿಸಿ, ಇದ್ದ ಪ್ರದರ್ಶನಗಳ ಕೂಲಿಯಲ್ಲೇ ಅರೆಹೊಟ್ಟೆ ಉಂಡುಕೊಂಡು ಕಾದ. "ಸಾಹೇಬರು ಬಾಯ್ಬಿಟ್ಟು ಹೇಳವ್ರೆ" ಎನ್ನುತ್ತಿದ್ದ. ವರ್ಷಗಳು ಹೋದವು. ಕಾರ್ಬೈಡ್ ಹೋಗಿ ಕರೆಂಟಿನ ಲಾಂದ್ರ ಬಂತು, ಊರಿಗೆ ಒಯ್ಯಲು ವ್ಯಾನು ಬಂತು, ಓಡುವ ಚಿತ್ರದ ಯಂತ್ರ ಬರುತ್ತದೆ ಎಂಬ ಸುದ್ದಿಯೂ ಬಂತು. ಅವನು ಹಂಗಾಮಿಯೇ.

ಅರವತ್ತೆರಡರಲ್ಲಿ ಯುದ್ಧವಾಯಿತು.

ಆ ದಿನಗಳನ್ನು ನೋಡದವರಿಗೆ ಹೇಳುವುದು ಕಷ್ಟ. ರೇಡಿಯೋ ಇದ್ದ ಅಂಗಡಿಗಳ ಮುಂದೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹೆಂಗಸರು ಬಳೆ ಬಿಚ್ಚಿ ಕೊಡುತ್ತಿದ್ದರು. ನಮಗೂ ಸಿಟ್ಟಿತ್ತು, ಸಂಕಟವಿತ್ತು. ಕೆಂಚಮ್ಮನ ಮಗ ಸಿಪಾಯಿಯಾಗಿ ಗಡಿಯ ಹಿಮದಲ್ಲೇ ಎಲ್ಲೋ ಇದ್ದ. ಒಂದು ಬೆಳಿಗ್ಗೆ ಕಚೇರಿಗೆ ಹೋದರೆ ಸಾಹೇಬರ ಕುರ್ಚಿಯ ಹಿಂದೆ ಫೋಟೋ ಇರಲಿಲ್ಲ. ಗೋಡೆಯ ಮೇಲೆ ಸುಣ್ಣ ಮಾಸದ ಒಂದು ಚೌಕ ಮಾತ್ರ ಇತ್ತು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಒಂದು ಕ್ಯಾಲೆಂಡರ್ ಬಂತು.

ಹೆಸರಿಲ್ಲದ ದೂರು ಯಾರೋ ಬರೆದಿದ್ದರು: ಸರ್ಕಾರದ ಖರ್ಚಿನಲ್ಲಿ ಚೀನಾದ ನದಿಗೆ ಆರತಿ ಎತ್ತಿಸಿದರು, ಹಾಡು ಕಟ್ಟಿ ಹೊಗಳಿದರು. ವಿಚಾರಣೆಗೆ ಬೆಂಗಳೂರಿನಿಂದ ಬೇರೊಬ್ಬ ಅಧಿಕಾರಿ ಬಂದರು. ಸಾಹೇಬರು ಪಕ್ಕದ ಕುರ್ಚಿಯಲ್ಲಿ. ಮೊದಲು ನನ್ನನ್ನು ಕರೆದರು.

"ಆರತಿ ಮಾಡಲು ಜನರಿಗೆ ಹೇಳಿದ್ದು ಯಾರು?" ಎಂದರು ಅಧಿಕಾರಿ.

"ಯಾರೂ ಹೇಳಲಿಲ್ಲ ಸಾರ್. ಕಾವೇರಿಗೆ ಮಾಡಿ ಮಾಡಿ ಹೊಳೆ ಕಂಡರೆ ಆರತಿ ಎತ್ತೋದು ರೂಢಿ ಆಗಿತ್ತು."

"ಇದು ಚೀನಾದ್ದು ಅಂತ ನೀವು ಹೇಳಲಿಲ್ಲವೋ?"

"ಹೇಳಿದೆ."

"ಹೇಳಿದ ಮೇಲೂ ಮಾಡಿದರೋ?"

"ಮಾಡಿದರು ಸಾರ್. ಆಗ ಎಲ್ಲರಿಗೂ ಸಂತೋಷವಾಗಿತ್ತು. ನಮ್ಮ ಸಾಹೇಬರೂ ಆರತಿ ತೆಗೆದುಕೊಂಡರು."

ಸಾಹೇಬರು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತಿದ್ದರು.

"ಹಾಡು?"

"ಪುಟ್ಟಸ್ವಾಮಿಯದು. ಇನ್ನೂ ಕಟ್ಟು ಅಂತ ಸಾಹೇಬರ ಅಪ್ಪಣೆ ಆಗಿತ್ತು."

ಅಧಿಕಾರಿ ಸಾಹೇಬರ ಕಡೆ ನೋಡಿದರು. ಸಾಹೇಬರು ತಲೆಯೆತ್ತದೆ ಹೇಳಿದರು: "ಹಾಗೆ ಹೇಳಿದ ನೆನಪು ನನಗಿಲ್ಲ. ಈ ಹಂಗಾಮಿ ಜನ ಮೈದಾನದಲ್ಲಿ ಏನೇನು ಹಾಡ್ತಾರೋ, ಪ್ರತಿಯೊಂದನ್ನೂ ನಾನು ಕೂತು ಕೇಳೋಕಾಗುತ್ತಾ?"

ನಾನು ಇನ್ನೊಂದು ಸಲ ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತ ಲೇಖನಿ ಕೆಳಗಿಟ್ಟು ಕಿಟಕಿಯಾಚೆ ನೋಡುತ್ತಿದ್ದ. ನಿಜ ಹೇಳಿದರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಎಂದು ನಮ್ಮ ಮನೆಯ ಹಿರಿಯರು ಕಲಿಸಿದ್ದರು. ಅವರು ಕಲಿಸಿದ್ದರಲ್ಲಿ ಕಚೇರಿಯೊಳಗೆ ಉಪಯೋಗಕ್ಕೆ ಬಾರದ್ದು ಅದೊಂದೇ.

ಪುಟ್ಟಸ್ವಾಮಿಯನ್ನು ಒಳಗೆ ಕರೆಯಲೇ ಇಲ್ಲ. ಅವನು ಬಾಗಿಲ ಆಚೆ ಬೆಂಚಿನ ಮೇಲೆ, ತೊಳೆದ ಅಂಗಿ ಹಾಕಿಕೊಂಡು, ಸಂಜೆಯ ತನಕ ಕೂತಿದ್ದ.

ಅವನನ್ನು ತೆಗೆಯುತ್ತಾರೆ ಎಂಬ ಸುದ್ದಿ ಕೆಸರೆಗೂ ಮುಟ್ಟಿತು. ಮರುದಿನ ಕೆಂಚಮ್ಮ ನಡೆದುಕೊಂಡೇ ಕಚೇರಿಗೆ ಬಂದಳು. ಜವಾನ ತಡೆದರೂ ಸಾಹೇಬರ ಬಾಗಿಲ ತನಕ ಹೋದಳು.

"ಬೆಳಗಿದ್ದು ನಾನು ಸ್ವಾಮಿ. ನನ್ನ ಕೇಳಿ. ಆ ಬಡಪಾಯಿ ಪಕ್ಕದಲ್ಲಿ ನೀರ್ ಹಿಡ್ಕಂಡ್ ನಿಂತಿದ್ದ."

"ಅಮ್ಮಾ, ಇದು ದೇಶದ ವಿಷಯ. ನಿಮಗೆ ಗೊತ್ತಾಗೋದಿಲ್ಲ."

"ನನ್ನ ಮಗ ಅಲ್ಲೇ ಅವ್ನೆ. ಬದ್ಕವ್ನೋ ಇಲ್ವೋ ಅಂತ ಒಂದ್ ಕಾಗ್ದ ಇಲ್ಲ. ದೇಸದ ಸಂಕಟ ನನ್ಗಿಂತ ನಿಮ್ಗೇ ಜಾಸ್ತಿ ಆಯ್ತಾ? ಅವತ್ತು ಬೆಳಗಿದ್ದು ನನ್ನ ಮಗ್ನಂತೋರು ದಾಟ್ಲಿ ಅಂತ್ಲೇ. ಉರಿ ನೀವೂ ಕಣ್ಣಿಗ್ ಒತ್ಕೊಂಡ್ರಲ್ಲ!"

ಸಾಹೇಬರು ಎದ್ದು ಒಳಗಿನ ಕೋಣೆಗೆ ಹೋದರು. ಕೆಂಚಮ್ಮ ಸ್ವಲ್ಪ ಹೊತ್ತು ಆ ಖಾಲಿ ಕುರ್ಚಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ನೀವ್ ಹೇಳಿದ್ರಾ ಮೇಷ್ಟ್ರೇ?" ಎಂದಳು. "ಹೇಳಿದೆ ಕಣಮ್ಮ" ಎಂದೆ. "ಅಂಗಾದ್ರೆ ಸರಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಹಂಗಾಮಿಯನ್ನು ತೆಗೆಯಲು ಕಾರಣ ಬೇಕಿಲ್ಲ. ನಾಳೆಯಿಂದ ಬರಬೇಡ ಎಂದರೆ ಆಯಿತು. ಆದರೆ ಹಾಗೆ ಹೇಳುವ ಮುಂಚೆ ಅವನಿಂದ ಇನ್ನೊಂದು ಕೆಲಸ ಮಾಡಿಸಿದರು. ರಕ್ಷಣಾ ನಿಧಿಯ ಪ್ರಚಾರಕ್ಕೆ ಹೊಸ ಗಾಜುಗಳು ಬೇಕಿದ್ದವು, ಗಾಜಿಗೆ ಆಗ ಬರ. ಚೀನಾದ ಗಾಜುಗಳನ್ನು ತೊಳೆದು ಅವನ್ನೇ ಬಳಸಿ ಎಂದು ಅಪ್ಪಣೆಯಾಯಿತು. ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಪುಟ್ಟಸ್ವಾಮಿ ಬೋಗುಣಿ ಇಟ್ಟುಕೊಂಡು ಕೂತ. ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರಿಗೆ ಗಾಜು ಇಳಿಸಿದರೆ ಚಿತ್ರ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಕಳಚಿ ಬರುತ್ತಿತ್ತು. ನಾನು ಒಂದೊಂದನ್ನೇ ಕೊಡುತ್ತಿದ್ದೆ. ನೀರಿಗೆ ಇಳಿಸುವ ಮುಂಚೆ ಅವನು ಪ್ರತಿಯೊಂದನ್ನೂ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಕಣಿವೆ ಹೋಯಿತು. ಚಂದ್ರನ ಬಂಡೆ ಹೋಯಿತು. ಪದ್ಯ ಕೆತ್ತಿದ ಕಲ್ಲು ಹೋಯಿತು. ಬೀಳ್ಕೊಡುವ ಕಟ್ಟೆಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದ.

"ಮಂಟಪ ಕೊಡಿ" ಎಂದ ಕಡೆಗೆ.

ಕೊಟ್ಟೆ. ಅದೂ ನೀರಿಗೆ ಇಳಿಯಿತು.

"ಅವ್ರಾದ್ರೆ ಮತ್ತೆ ಕಟ್ಕತಾರೆ" ಎಂದ. ಕೈ ತೊಳೆದುಕೊಂಡ. ಸೋಡಾಕ್ಕೆ ಅವನ ಬೆರಳುಗಳ ತುದಿಗಳು ಬೆಳ್ಳಗೆ ಬೆಂದುಹೋಗಿದ್ದವು. ಮಂಡಿಗೆ ಮರಳಿ ಹೋದಾಗ ಕೊಕ್ಕೆ ಹಿಡಿಯಲು ಬಹಳ ದಿನ ಕಷ್ಟಪಟ್ಟನಂತೆ.

ನನ್ನನ್ನು ಹಾಸನದ ಕಡೆ ವರ್ಗ ಮಾಡಿದರು. ಕೆಂಚಮ್ಮನ ಮಗ ಬದುಕಿ ಬಂದ, ಕಾಲಿನ ಬೆರಳುಗಳನ್ನು ಹಿಮಕ್ಕೆ ಕೊಟ್ಟು. ಆ ಸುದ್ದಿಯನ್ನು ನನಗೆ ಹೇಳಿ ಕಳಿಸಿದವನು ಪುಟ್ಟಸ್ವಾಮಿ. ನಾನು ಮೈಸೂರಿಗೆ ಮರಳಿದ ಮೇಲೆ ಮಂಡಿಯ ಕಡೆ ಹೋದಾಗಲೆಲ್ಲ ಅವನನ್ನು ಮಾತಾಡಿಸುತ್ತಿದ್ದೆ. ಆ ಪದಗಳನ್ನು ಈಗಲಾದರೂ ಬರೆದುಕೊಳ್ಳುತ್ತೇನೆ, ಹೇಳು ಎಂದೆ. "ಮರ್ತೋಯ್ತು ಬುಡಿ ಮೇಷ್ಟ್ರೇ" ಎಂದ. ಅವನು ಮರೆಯುವವನಲ್ಲ ಎಂದು ನನಗೆ ಗೊತ್ತಿತ್ತು. ಒತ್ತಾಯ ಮಾಡಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಾಗ ಓಡುವ ಚಿತ್ರಗಳದೇ ಕಾರುಬಾರು. ಹಳೆಯ ಲಾಂದ್ರ ಮೂಲೆ ಸೇರಿತ್ತು. ನಮ್ಮ ಸಾಹೇಬರು ಆ ಹೊತ್ತಿಗೆ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ನಿವೃತ್ತಿಗೆ ಮುಂಚೆ ಹಳೆಯ ಕಾವೇರಿ ಪ್ರದರ್ಶನವನ್ನು ಒಮ್ಮೆ ನೋಡಬೇಕೆಂದು ಅವರಿಗೆ ಆಸೆಯಾಯಿತು. ಕೆಸರೆಯಲ್ಲೇ ಆಗಲಿ, ಹಿಂದೆ ಹಾಡುತ್ತಿದ್ದನಲ್ಲ, ಅವನೂ ಇರಲಿ ಎಂದು ಹೇಳಿ ಕಳಿಸಿದರು. ನಾನು ಮಂಡಿಗೆ ಹೋದೆ. ಪುಟ್ಟಸ್ವಾಮಿ ಬೆನ್ನ ಮೇಲಿದ್ದ ಮೂಟೆಯನ್ನು ಇಳಿಸಿ, ಮುಖ ಒರೆಸಿಕೊಂಡು ಕೇಳಿದ:

"ಖಾಯಂ ಮಾಡ್ತಾರಂತಾ?"

"ಇಲ್ಲ ಕಣಯ್ಯ. ಒಂದು ಸಂಜೆಗೆ."

ಅವನು ನಕ್ಕ. ಬರುವುದಿಲ್ಲ ಎನ್ನುತ್ತಾನೆ ಎಂದುಕೊಂಡೆ. ಬರುವುದು ಬೇಡ ಎಂದೇ ನನ್ನ ಮನಸ್ಸಿನಲ್ಲಿತ್ತು.

"ಬತ್ತೀನಿ. ಕೆಂಚವ್ವನ್ನ ನೋಡ್ದಂಗೂ ಆಯ್ತದೆ" ಎಂದ.

ಬಂದ. ಕೆಲಸ ಮುಗಿಸಿ ಸೀದಾ ಬಂದಿದ್ದರಿಂದ ಸೊಂಟದಲ್ಲಿ ಕೊಕ್ಕೆ ಹಾಗೆಯೇ ಇತ್ತು. ಮೊದಲ ಸಾಲಿನಲ್ಲಿ ಅಧಿಕಾರಿಗಳು, ನಡುವೆ ಸಾಹೇಬರು, ಕೋಟಿನಲ್ಲಿ ಅದೇ ಗುಲಾಬಿ. ಹಿಂದೆ ಹೆಂಗಸರು. ಕೆಂಚಮ್ಮನ ತಲೆ ಪೂರಾ ಬೆಳ್ಳಗಾಗಿತ್ತು. ನಾನು ಪಂಚೆಗೆ ನೀರು ಚಿಮುಕಿಸಿದೆ, ಗಾಜುಗಳನ್ನು ಬೆಚ್ಚಗೆ ಮಾಡಿಕೊಂಡೆ, ಕುಂಡಿಕೆಯಿಂದ ಶುರುಮಾಡಿದೆ. ಅವನ ಗಂಟಲು ಒಡೆದಿತ್ತು, ಆದರೆ ಒಡೆದ ಕಡೆಯಿಂದಲೂ ಏನೋ ಬರುತ್ತಿತ್ತು. ಕಡೆಯ ಗಾಜು, ಸಂಗಮ. ಅದಕ್ಕೆ ಅವನು ಹಿಂದೆಲ್ಲ ಹಾಡುತ್ತಿದ್ದ ಪದ ಬೇರೆ. ಆ ಪದಕ್ಕಾಗಿ ಕಾಯುತ್ತ ನಿಂತಿದ್ದೆ. ಅವನು ಪರದೆಯ ಕಡೆ ತಿರುಗಿ ಎತ್ತಿಕೊಂಡದ್ದು ಬೇರೊಂದನ್ನು:

"ಹೋಗೋನು ಹೊಳೆಗಿಳಿದ, ನಿಂತೋನು ಕಲ್ಲಾದ..."

ಚೀನಾದ ಬೀಳ್ಕೊಡುವ ಕಟ್ಟೆಯ ಪದ, ಮರ್ತೋಯ್ತು ಎಂದಿದ್ದ ಪದ. ಮೊದಲ ಸಾಲಿನಲ್ಲಿ ಯಾರಿಗೂ ಏನೂ ಅನಿಸಲಿಲ್ಲ. ಹಿಂದೆ ಕೆಂಚಮ್ಮ ತಟ್ಟೆ ಹಿಡಿದು ಎದ್ದಳು. ಅವಳಿಗೆ ಗೊತ್ತಾಗಿತ್ತು. ಪರದೆಯ ಮುಂದೆ ಬಂದು ಬೆಳಗಿದಳು, ನೆಲಕ್ಕೆ ಮೂರು ಬೊಟ್ಟು ನೀರು ಬಿಟ್ಟಳು, ತಟ್ಟೆಯನ್ನು ಸಾಹೇಬರ ಮುಂದೆ ಹಿಡಿದಳು. ಅವರು ಬಗ್ಗಿ, ಎರಡೂ ಕೈಯಲ್ಲಿ ಉರಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಒತ್ತಿಕೊಂಡ ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳಬಾರದು.

"ಎಂಥ ಗಂಟಲು ಕಣ್ರೀ!" ಎಂದರು ನನ್ನ ಕಡೆ ತಿರುಗಿ. "ನಮ್ಮ ಕಾವೇರಿ ಮೇಲೆ ಇಂಥ ಪದ ನಾನು ಕೇಳೇ ಇಲ್ಲ. ಇವನು ಮೊದಲು ನಮ್ಮಲ್ಲೇ ಇದ್ದನಲ್ಲ? ಯಾಕೆ ಬಿಟ್ಟುಹೋದ?"

ಅವರ ಮುಖ ನೋಡಿದೆ. ವಿಚಾರಣೆಯ ದಿನ ನೆನಪಿಲ್ಲ ಎಂದಾಗ ಅವರು ಪೇಪರ್‌ವೇಟು ನೋಡುತ್ತಿದ್ದರು. ಈಗ ನನ್ನ ಕಣ್ಣನ್ನೇ ನೋಡಿ ಕೇಳುತ್ತಿದ್ದರು. ನಿಜವಾಗಿಯೂ ನೆನಪಿರಲಿಲ್ಲ. ಪಕ್ಕದಲ್ಲಿ ನೀರಿನ ಚೆಂಬು ಹಿಡಿದು ನಿಂತಿದ್ದ ಪುಟ್ಟಸ್ವಾಮಿಯೇ ಹೇಳಿದ:

"ಮಂಡೀಲಿ ಮೂಟೆ ಹೊರೋಕ್ ವೋದೆ ಬುದ್ದಿ. ಅಲ್ಲಿ ಕೆಲ್ಸ ಖಾಯಂ."

ಸಾಹೇಬರು ತಮಾಷೆ ಎಂದುಕೊಂಡು ನಕ್ಕರು. ಮೊದಲ ಸಾಲು ಪೂರಾ ನಕ್ಕಿತು. ಪುಟ್ಟಸ್ವಾಮಿ ಚೆಂಬನ್ನು ನನ್ನ ಕೈಗೆ ಕೊಟ್ಟು, ಕೊಕ್ಕೆಯನ್ನು ಸೊಂಟಕ್ಕೆ ಸರಿಯಾಗಿ ಸಿಕ್ಕಿಸಿಕೊಂಡು, ಕೆಂಚಮ್ಮನಿಗೆ ಕೈಮುಗಿದು ಹೊರಟ. ಆರತಿ ಮುಗಿದಿತ್ತು. ಕಡೆಯ ಗಾಜನ್ನು ನಾನು ಬಹಳ ಹೊತ್ತು ತೆಗೆಯಲಿಲ್ಲ.